ಗುಣವತಕ್ಕನ ಬಲಗಡೆ

ಗಾಯ ಮತ್ತೆ ಕೆಂಪಾಗಿದೆ ಎಂದು ಪ್ರಜ್ಞಾ ಫೋನು ಮಾಡಿದಾಗ ಲೀಲಾಧರ ಬೇರೆ ಯಾರದೋ ಬೆನ್ನಿಗೆಂದು ಫೋಮು ಕತ್ತರಿಸುತ್ತಿದ್ದ. ಚೂರಿಯನ್ನು ಹಲಗೆಯ ಮೇಲಿಟ್ಟು "ಯಾರದ್ದ್?" ಎಂದು ಕೇಳಿದ. ಕೇಳಬೇಕಾದ ಅಗತ್ಯವೇನೂ ಇರಲಿಲ್ಲ.

"ಗುಣವತಕ್ಕಂದೇ. ಬಲಗಡೆ, ಅದೇ ಜಾಗ."

ಅವನು ಮಾಡಿಕೊಟ್ಟ ಸೀಟುಗಳಲ್ಲಿ ಹೀಗೆ ಹಠ ಹಿಡಿದದ್ದು ಇದೊಂದೇ. ಹಂಗಾರಕಟ್ಟೆಯ ಗುಣವತಿಗೆ ಬೆನ್ನುಮೂಳೆಯ ಒಳಗೆ ಗಡ್ಡೆಯಾಗಿ, ಆಪರೇಷನ್ನಿನಲ್ಲಿ ಜೀವ ಉಳಿದು, ಸೊಂಟದಿಂದ ಕೆಳಗೆ ಬಲವೂ ಹೋಗಿತ್ತು, ಮುಟ್ಟಿದ್ದು ಗೊತ್ತಾಗುವುದೂ ಹೋಗಿತ್ತು. ಬರಬರುತ್ತಾ ಬೆನ್ನು ಬಿಲ್ಲಿನ ಹಾಗೆ ಬಾಗಿ, ಸೊಂಟದ ಒಂದು ಬದಿ ಮೇಲೆ, ಒಂದು ಬದಿ ಕೆಳಗಾಯಿತು. ಅಂಥ ದೇಹವನ್ನು ಸಾಮಾನ್ಯ ಗಾಲಿಕುರ್ಚಿಯಲ್ಲಿ ಕೂರಿಸಿದರೆ ಇಡೀ ಭಾರ ಒಂದೇ ಎಲುಬಿನ ಮೇಲೆ ಬೀಳುತ್ತದೆ. ನಮಗಾದರೆ ಜುಂ ಅನ್ನಿಸಿ ಆಚೀಚೆ ಸರಿಯುತ್ತೇವೆ. ಅವಳಿಗೆ ಏನೂ ಅನ್ನಿಸುವುದಿಲ್ಲ, ಸರಿಯುವುದೂ ಇಲ್ಲ. ಕೂತ ಜಾಗದಲ್ಲೇ ಚರ್ಮ ಸಾಯುತ್ತದೆ. ಹಾಗಾಗಿ ದೇಹದ ಅಚ್ಚು ತೆಗೆದು, ಭಾರವೆಲ್ಲ ಅಗಲಕ್ಕೆ ಹರಡುವ ಹಾಗೆ ಅವಳೊಬ್ಬಳಿಗೇ ಆಗುವ ಸೀಟು ಮಾಡಬೇಕು. ದೇಹ ನೋಡುವುದು ಫಿಸಿಯೋಥೆರಪಿಯ ಪ್ರಜ್ಞಾ, ಸೀಟು ಮಾಡುವುದು ಲೀಲಾಧರ. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಸಾಗದು.

ಮೊದಲ ಹುಣ್ಣು ಎಲುಬಿನ ತನಕ ಹೋಗಿತ್ತು. ಅದು ಮಾಯುವಷ್ಟರಲ್ಲಿ ಮನೆಯವರು ಅರ್ಧವಾಗಿದ್ದರು. ಇನ್ನೊಮ್ಮೆ ಬಾಯಿ ಬಿಟ್ಟರೆ ಮಾಂಸ ತೆಗೆದು ಹಚ್ಚುವ ಆಪರೇಷನ್ನು, ತಿಂಗಳುಗಟ್ಟಲೆ ಬೋರಲು ಮಲಗುವುದು, ಈ ವಯಸ್ಸಿಗೆ ಅದನ್ನು ತಡೆದುಕೊಳ್ಳುತ್ತಾರೆಂದು ನಾನು ಹೇಳಲಾರೆ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಗುಣವತಿ ಇನ್ನು ಜಗಲಿಯಲ್ಲಿ ಕೂರುವುದೋ, ಕೋಣೆಯಲ್ಲಿ ಮಲಗಿಯೇ ಇರುವುದೋ ಎಂಬುದು ಅಂಗೈಯಗಲದ ಆ ಜಾಗದ ಮೇಲೆ ನಿಂತಿತ್ತು.

ಲೀಲಾಧರನಿಗೆ ಇದು ಬರೀ ಕೆಲಸದ ಚಿಂತೆಯಾಗಿರಲಿಲ್ಲ. ಹೆದ್ದಾರಿ ಅಗಲವಾಗುವ ಮುಂಚೆ ಸಾಲಿಗ್ರಾಮದಲ್ಲಿ ರಸ್ತೆ ಬದಿಗೆ ಅವನದೊಂದು ಕುಶನ್ ಅಂಗಡಿಯಿತ್ತು. ರಿಕ್ಷಾ ಸೀಟು, ಬೈಕ್ ಸೀಟು, ಮದುವೆಯ ಹೊತ್ತಿಗೆ ಸೋಫಾ. ಅಂಗಡಿಯ ಹಿಂದುಗಡೆಯೇ ಮೀನು ಮಾರ್ಕೆಟ್ಟು, ನಡುವೆ ಒಂದು ತಗಡಿನ ಗೋಡೆ. ಗೋಡೆಯ ಈಚೆ ಇವನ ಹೊಲಿಗೆ ಮಿಷನ್ನು, ಆಚೆ ಮೀನು ಮಾರುವ ಗುಣವತಿ ಮತ್ತು ಪುಷ್ಪ. ಇಬ್ಬರಿಗೂ ಒಂದೇ ಬಸ್ಸು, ಒಂದೇ ಕಟ್ಟೆ. ಗಿರಾಕಿಗಾಗಿ ಬೆಳಿಗ್ಗೆಯಿಡೀ ಜಗಳ. "ಅವ್ಳ್ ಬಂಗುಡೆ ಕಣ್ಣ್ ಕಾಣಿ, ನಿನ್ನೆ ನಿದ್ರಿ ಮಾಡ್ಲಿಲ್ಲೆ ಅದ್" ಎಂದು ಒಬ್ಬಳು. "ಇವ್ಳ್ ಚಟ್ಲಿ ತಕಂಡ್ರೆ ದಾರಿಯಲ್ಲೇ ಹೆಣ ಸುಡುಕೆ ಹೋಯ್ಕ್" ಎಂದು ಸಿಗಡಿ ತೋರಿಸಿ ಇನ್ನೊಬ್ಬಳು. ಗಿರಾಕಿ ಅತ್ತ ಹೋದದ್ದೇ ಇಬ್ಬರೂ ಸೇರಿ ನಗುವುದು. ಮಧ್ಯಾಹ್ನ ವ್ಯಾಪಾರ ತಣ್ಣಗಾದ ಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಒಬ್ಬಳ ಹೆಗಲಿಗೆ ಇನ್ನೊಬ್ಬಳು ಒರಗಿ, ಕೂತಲ್ಲೇ ಜೋಂಪು. ಆ ಹೊತ್ತಿಗೆ ಲೀಲಾಧರ ಮಿಷನ್ನು ನಿಲ್ಲಿಸಿ ಕೈಹೊಲಿಗೆ ಹಿಡಿಯುತ್ತಿದ್ದ. ಅವರು ಹಾಗೆ ಮಾಡೆಂದು ಹೇಳಿರಲಿಲ್ಲ, ತಾನು ಹಾಗೆ ಮಾಡುತ್ತೇನೆಂದು ಇವನೂ ಹೇಳಿರಲಿಲ್ಲ.

ಆಮೇಲೆ ಹೆದ್ದಾರಿ ಬಂತು. ಅಂಗಡಿ ಹೋಯಿತು, ಮಾರ್ಕೆಟ್ಟಿನ ಆ ಕಟ್ಟೆಯೂ ಹೋಯಿತು. ಲೀಲಾಧರ ಕುಂದಾಪುರಕ್ಕೆ ಬಂದ. ಒಂದು ದಿನ ಪ್ರಜ್ಞಾ ಒಂದು ತುಂಡು ಫೋಮು ಹಿಡಿದುಕೊಂಡು ಬಂದು, ಇದರಲ್ಲಿ ಹೀಗೊಂದು ಗುಳಿ ಮಾಡಿಕೊಡಬಹುದೇ ಎಂದು ಕೇಳಿದ್ದು, ಅದೇ ಮುಂದೆ ಅವನ ಕಸುಬಾಯಿತು. ಈಗ ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರ ಮನೆಯಲ್ಲಿ ಯಾರು ಹೇಗೆ ಕೂರುತ್ತಾರೆಂದು ಅವನಿಗೆ ಗೊತ್ತು. ಗುಣವತಿಯ ಹೆಸರು ಕೇಳಿದಾಗ, ಇವರ ಸೀಟು ನಾನೇ ಮಾಡಬೇಕು, ಚೆನ್ನಾಗಿಯೇ ಮಾಡಬೇಕು ಎಂದುಕೊಂಡಿದ್ದ.

ಮಾಡಿದ್ದು ಚೆನ್ನಾಗಿಯೇ ಇತ್ತು. ಕಷ್ಟ ಅದೇ. ಫೋನು ಬಂದ ಮಾರನೆಯ ಬೆಳಿಗ್ಗೆ, ಮೊದಲೇ ತಿಳಿಸಿ, ಇಬ್ಬರೂ ಹಂಗಾರಕಟ್ಟೆಗೆ ಹೋದರು. ಗುಣವತಿ ಮಡಿಕೆ ಮಾಸದ ಸೀರೆಯುಟ್ಟು, ಹೂ ಮುಡಿದು, ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡು ಗರ್ಭಗುಡಿಯ ದೇವಿಯ ಹಾಗೆ ನೆಟ್ಟಗೆ ಕೂತಿದ್ದಳು. ಪ್ರಜ್ಞಾ ಒತ್ತಡ ತೋರಿಸುವ ತೆಳುವಾದ ಮ್ಯಾಟನ್ನು ಅವಳಡಿಗೆ ಹಾಸಿ ಲ್ಯಾಪ್‌ಟಾಪ್ ತೆರೆದಳು. ಭಾರ ಹೆಚ್ಚಾದಲ್ಲಿ ಕೆಂಪು ಬರಬೇಕು. ಬಂದದ್ದು ನೀಲಿ, ಹಸಿರು, ಅಂಚಿನಲ್ಲೊಂದಿಷ್ಟು ಹಳದಿ.

"ಎಂತ ತೊಂದ್ರೆ ಇಲ್ಲೆ ತಮ್ಮಾ" ಎಂದಳು ಗುಣವತಿ. "ಸೀಟ್ ಬಾರೀ ಲಾಯ್ಕ್ ಇತ್ತ್."

"ಲಾಯ್ಕ್ ಇದ್ರೆ ಹುಣ್ಣ್ ಎಂತಕ್ ಆಪುದ್?"

"ನನ್ ಚರ್ಮ ಹಳತ್, ನಿನ್ ಸೀಟ್ ಹೊಸ್ತ್. ಅದ್ಕೆ ಆಯ್ಕ್."

ಸೊಸೆ ಪ್ರಭಾವತಿ ಬಾಗಿಲ ಹತ್ತಿರ ನಿಂತಿದ್ದಳು. ಗಂಡ ಮಲ್ಪೆಯ ಬೋಟಿನಲ್ಲಿ. ವಾರಕ್ಕೊಮ್ಮೆ ಮನೆಗೆ ಬಂದರೆ ಬಂದ. "ನಾನ್ ಹೊತ್ತ್ ಹೊತ್ತಿಗೆ ತಿರ್ಗ್‌ಸಿ ಮಲ್ಗಿಸ್ತೆ, ದಿನಾ ಕಾಂತೆ. ಊರವ್ರ್ ಎಂತ ಹೇಳ್ತ್ರ್ ಗೊತ್ತಿತ್ತಾ? ಸೊಸೆ ಕಾಂತಿಲ್ಲೆ, ಅದ್ಕೆ ಹುಣ್ಣ್ ಅಂಬ್ರ್." ಗುಣವತಿ ಸೊಸೆಯ ಕಡೆ ನೋಡಲಿಲ್ಲ.

ಲೀಲಾಧರ ಅದಾಗಲೇ ಫೋಮು ಬದಲಿಸಿ ನೋಡಿದ್ದ, ಜೆಲ್ ಹಾಕಿ ನೋಡಿದ್ದ, ಎಲುಬಿನ ಅಡಿಗೆ ಗುಳಿ ತೋಡಿಯೂ ನೋಡಿದ್ದ.

ಅದೇ ವಾರ ಅವನಿಗೆ ಕೋಡಿ ಕನ್ಯಾನದಲ್ಲಿ ಒಬ್ಬರಿಗೆ ಸೀಟು ಮುಟ್ಟಿಸುವುದಿತ್ತು. ಮುಟ್ಟಿಸಿ ಹಿಂದೆ ಬರುವಾಗ ಮಧ್ಯಾಹ್ನ ಇಳಿದಿತ್ತು. ಇಷ್ಟು ಹತ್ತಿರ ಬಂದು ಗುಣವತಕ್ಕನನ್ನು ನೋಡದೆ ಹೋಗುವುದೇ ಎಂದು ಸ್ಕೂಟರನ್ನು ಓಣಿಯ ತುದಿಯಲ್ಲಿ ನಿಲ್ಲಿಸಿ ನಡೆದ. ಮನೆ ಕಾಣುವ ಮೊದಲೇ ನಗು ಕೇಳಿಸಿತು. ತಗಡಿನ ಗೋಡೆಯಾಚೆಯಿಂದ ಎಷ್ಟೋ ವರ್ಷ ಕೇಳಿದ ನಗು. ಕಾಲು ತಾನಾಗಿ ನಿಂತಿತು. ಹೊಸ ಲೆದರಿನ ವಾಸನೆ, ಐಸ್ ಒಡೆಯುವ ಸದ್ದು, ಮಳೆಗಾಲದಲ್ಲಿ ಅಂಗಡಿಯೊಳಗೆ ಹರಿದು ಬರುತ್ತಿದ್ದ ಮೀನು ತೊಳೆದ ನೀರು, ಆಗ ಬೈದುಕೊಂಡು ಗುಡಿಸಿದ್ದೆಲ್ಲ ಈಗ ಬೇಕೆನ್ನಿಸಿತು.

"ನೆನ್ಪಿತ್ತಾ ಹೆಣೆ, ಆ ಕಂಡಕ್ಟರ್? ನಮ್ ಬುಟ್ಟಿ ಕಂಡ್ರೆ ಮೂಗ್ ಮುಚ್ಕಂತಿದ್ದ." ಪುಷ್ಪಳ ಸ್ವರ.

"ನೆನ್ಪಿಲ್ದೆ? ಅವ್ನ್ ಮನೆಗೆ ನೆಂಟ್ರ್ ಬಂದ್ ದಿನ ಯಾರತ್ರ ಬಂದ? ನಿನ್ನತ್ರ."

"ಬಂದ. ನಾನ್ ಮೂಗ್ ಮುಚ್ಕಂಡೇ ತೂಕ ಮಾಡಿ ಕೊಟ್ಟೆ."

ಮತ್ತೆ ನಗು. ಲೀಲಾಧರನೂ ನಗುತ್ತಲೇ ಅಂಗಳಕ್ಕೆ ಬಂದ. ಬಂದವನು ನಗು ನಿಲ್ಲಿಸಿದ. ಕುರ್ಚಿಯ ಬಲಗಡೆಯ ಕೈಯನ್ನೂ, ಅದರ ಒಳಬದಿಯಲ್ಲಿ ಪಕ್ಕೆಗೆ ಆಸರೆಯೆಂದು ಅವನು ಕೂಡಿಸಿದ್ದ ಮೆತ್ತೆಯನ್ನೂ ಕಳಚಿ ಜಗಲಿಯ ದಂಡೆಯ ಮೇಲಿಟ್ಟಿದ್ದರು. ಅದರ ಮೇಲೆ ಮೈ ಒರೆಸುವ ಬೈರಾಸು ಒಣಗುತ್ತಿತ್ತು. ಕುರ್ಚಿಗೆ ತಾಗಿಸಿ ಮೀನಿನ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಕವುಚಿ ಹಾಕಿ ಅದರ ಮೇಲೆ ಪುಷ್ಪ ಕೂತಿದ್ದಳು. ಅವಳ ಹೆಗಲ ಮೇಲೆ ಗುಣವತಿ ಇಡಿಯಾಗಿ ವಾಲಿದ್ದಳು. ಪೆಟ್ಟಿಗೆ ಕುರ್ಚಿಗಿಂತ ತುಂಬ ತಗ್ಗು. ಹೆಗಲು ಸಿಗುವವರೆಗೂ ಬಾಗಿ ಬಾಗಿ, ಎಡ ಸೊಂಟ ಸೀಟು ಬಿಟ್ಟು ಎದ್ದಿತ್ತು. ಇಡೀ ಭಾರ ಬಲಗಡೆಯ ಆ ಒಂದು ಎಲುಬಿಗೆ.

"ಹ್ವಾಯ್, ತಮ್ಮ ಬಂದ. ಕೈ ಸಿಕ್ಸ್, ಕೈ ಸಿಕ್ಸ್" ಎಂದು ಗುಣವತಿ ಸೆರಗು ಸರಿಮಾಡಿಕೊಂಡು ನೆಟ್ಟಗಾಗಲು ನೋಡಿದಳು. ಪುಷ್ಪ ಓಡಿಹೋಗಿ ಕುರ್ಚಿಯ ಕೈಯನ್ನು ತಂದು ತೂತಿಗೆ ತುರುಕಿದಳು. ಗಡಿಬಿಡಿಯಲ್ಲಿ ಮೆತ್ತೆ ಹೊರಬದಿಗಾಯಿತು, ಬೈರಾಸು ಅದಕ್ಕೆ ನೇತಾಡುತ್ತಿತ್ತು.

"ಇದ್ ಯಾವಾಗಿಂದ ನಡೀತಾ ಇತ್ತ್, ಗುಣವತಕ್ಕ?"

"ಎಂತದ್?"

"ಕೈ ತೆಗ್ದ್ ಇಡುದ್."

"ಸುರುವಿಂದ" ಎಂದು ಪುಷ್ಪ ಹೇಳಿಬಿಟ್ಟಳು. "ಮಧ್ಯ ಅದೊಂದ್ ಗೋಡೆ ಇಟ್ಕಂಡ್ ಮಾತಾಡುದ್ ಹ್ಯಾಂಗೆ? ಬ್ಯಾಂಕಲ್ ಕೂಕಂಡ್ ಹಾಂಗ್ ಆತ್ತ್."

"ನಂಗ್ ಒಂದ್ ಮಾತ್ ಹೇಳುಕ್ ಆಗ್ಲಿಲ್ಯಾ?"

ಗುಣವತಿ ನೇತಾಡುತ್ತಿದ್ದ ಬೈರಾಸನ್ನು ಎಳೆದುಕೊಂಡು ಮಡಚಿದಳು. "ಅಷ್ಟ್ ಕಷ್ಟಪಟ್ಟ್ ಮಾಡಿ ತಂದೆ. ಅದ್ರ ಕೈ ಕಿತ್ತ್ ಇಟ್ಟಿದ್ ಕಂಡ್ರೆ ನಿಂಗ್ ಬೇಜಾರ್ ಆತ್ತಿಲ್ಯಾ? ಅದ್ಕೆ ನೀನ್ ಬಪ್ಪತಿಗೆ ಸಿಕ್ಸಿ, ನೆಟ್ಟಗ್ ಕೂಕಂತಿದ್ದೆ."

ಅಚ್ಚು ತೆಗೆದ ದಿನವೂ ಹಾಗೆಯೇ ಕೂತದ್ದು ಎಂದು ಅವನಿಗೆ ಹೊಳೆಯಿತು. ಬಂದವರ ಎದುರು ನೆಟ್ಟಗೆ ಕೂರಬೇಕು, ಅದು ಮರ್ಯಾದೆ. ತಾನೂ ಪ್ರಜ್ಞಾಳೂ ಇಷ್ಟು ದಿನ ಅಳೆದದ್ದು ಆ ಮರ್ಯಾದೆಯನ್ನು. ಪ್ರಭಾವತಿಗೂ ಗೊತ್ತಿರಲಿಲ್ಲ. ಊಟವಾದ ಮೇಲೆ ಅವಳು ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು. ಪುಷ್ಪಕ್ಕ ಬಂದು ಕೂರುತ್ತಾಳೆಂಬ ಧೈರ್ಯದ ಮೇಲೆಯೇ ಹೋಗುತ್ತಿದ್ದದ್ದು. ಹುಣ್ಣು ಯಾಕೆಂದು ಗುಣವತಿಗೆ ಒಳಗೊಳಗೇ ಗುಮಾನಿ ಇತ್ತೋ ಏನೋ. ಇದ್ದರೂ ಆಡಿದರೆ ಪುಷ್ಪಳ ಜೊತೆಗಿನ ಆ ಮಧ್ಯಾಹ್ನ ಹೋಗುತ್ತದೆ.

ಮಾತಿನಲ್ಲಿ ಹೇಳಿದರೆ ಇವರಿಗೆ ನಾಟದು ಎಂದು ಲೀಲಾಧರ ಲೆಕ್ಕ ಹಾಕಿದ. "ಪುಷ್ಪಕ್ಕ, ಕೈ ಪುನಃ ತೆಗ್ದ್ ಬಿಡಿ. ಗುಣವತಕ್ಕ ನಿಮ್ ಮೇಲ್ ಒರಗ್ಲಿ. ಈಗ ನಿಮ್ ಅಂಗೈ ಅವ್ರ್ ಬಲಸೊಂಟದಡಿಗೆ ಹಾಕಿ ಕಾಣಿ." ತಾನು ಗಂಡಸು, ಕೈ ಹಾಕುವಂತಿಲ್ಲ ಎಂಬುದು ಒಂದು. ಅದಕ್ಕಿಂತ, ಗೊತ್ತಾಗಬೇಕಾದದ್ದು ಪುಷ್ಪಳಿಗೆ.

ಪುಷ್ಪ ಕೈ ಹಾಕಿದಳು. ನಗುತ್ತಲೇ ಹಾಕಿದಳು. ಎಲುಬು ಅವಳ ಅಂಗೈಯನ್ನು ಸೀಟಿಗೆ ಒತ್ತಿ ಹಿಡಿಯಿತು. ಅವಳ ಬೆರಳು ನೋಯುತ್ತಿದ್ದಾಗ ಗುಣವತಿ ಏನೂ ಗೊತ್ತಿಲ್ಲದೆ, "ಎಂತ ಸಿಕ್ತ್? ಚಿನ್ನವಾ?" ಎನ್ನುತ್ತಿದ್ದಳು. ಪುಷ್ಪ ಕೈ ಎಳೆದುಕೊಂಡು ಅಂಗೈ ನೋಡಿಕೊಂಡಳು. ಕುರ್ಚಿಯ ಕೈಯನ್ನು ತಾನೇ ಸರಿಯಾಗಿ ಸಿಕ್ಕಿಸಿ, ಪೆಟ್ಟಿಗೆಯನ್ನು ದೂರ ಎಳೆದುಕೊಂಡು ಕೂತಳು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

ಕೆಂಪು ಇಳಿಯಿತು. ಪ್ರಜ್ಞಾ ಸಮಾಧಾನಪಟ್ಟಳು. ಅಷ್ಟರಲ್ಲಿ ಪ್ರಭಾವತಿ ಲೀಲಾಧರನಿಗೆ ಫೋನು ಮಾಡಿದಳು. "ಹುಣ್ಣ್ ಒಣಗ್ತ್, ಅಣ್ಣ. ಆರೆ ಅತ್ತೆ ಕುರ್ಚಿಗ್ ಇಳಿತಿಲ್ರ್. ಕೂತ್ ಎಂತ ಮಾಡುದ್, ಕಂಪೌಂಡ್ ಕಾಂಬುದಾ ಅಂತ್ರ್. ಊಟ ಸಮ ಮಾಡ್ತಿಲ್ರ್. ನಾನ್ ಕೆಲ್ಸಕ್ ಹೋಪುದೂ ಬಿಟ್ಟೆ."

ಅವನು ಅದನ್ನು ಪ್ರಜ್ಞಾಳಿಗೆ ಹೇಳಿದ. ಅವಳು ಲ್ಯಾಪ್‌ಟಾಪ್ ಮುಚ್ಚಿ, "ಹುಣ್ಣು ಮಾಯ್ತು ಅಂತ ನಾನು ಬರ್ದು ಕೇಸು ಮುಗ್ಸಬಹುದು. ಆದ್ರೆ ಕುರ್ಚಿ ಖಾಲಿ ಇದ್ರೆ ನಾವಿಬ್ರೂ ಮಾಡಿದ್ದೆಂತ?" ಎಂದಳು. ಆ ಮೇಲೆ ಇಬ್ಬರೂ ಬಹಳ ಹೊತ್ತು ಕೂತು ಯೋಚಿಸಿದರು. ವಾಲುವುದನ್ನು ನಿಲ್ಲಿಸಲು ಹೋಗಿ ಸೋತಾಯಿತು. ಆ ಬೆನ್ನು ಇನ್ನು ನೇರವಾಗುವುದಿಲ್ಲ, ಅದು ಬಲಕ್ಕೇ ಬಾಗಿದೆ. ಬಾಗಿದ್ದು ರೋಗದಿಂದ ಎಂದು ಪ್ರಜ್ಞಾ; ಮೂವತ್ತು ವರ್ಷ ಒಂದೇ ಹೆಗಲಿಗೆ ಒರಗಿದ್ದೂ ಸೇರಿರಬಹುದು ಎಂದು ಲೀಲಾಧರ. ಯಾವುದಾದರೂ ಆಗಲಿ, ಸೊಂಟವನ್ನು ಕದಲದ ಹಾಗೆ ಹಿಡಿದು, ಮೇಲಿನ ಮೈ ಮಾತ್ರ ವಾಲುವ ಹಾಗೆ ಮಾಡಲು ಬಂದರೆ? ಹೆಗಲು ತಗ್ಗಿನಲ್ಲಿರದೆ ಸರಿಯಾದ ಎತ್ತರದಲ್ಲಿದ್ದರೆ?

ಅದಕ್ಕೆ ಹೆಗಲು ಬೇಕು. ಲೀಲಾಧರ ಪುಷ್ಪಳನ್ನು ಹುಡುಕಿಕೊಂಡು ಹೋದ. ಮಾರ್ಕೆಟ್ಟಿನ ಕಟ್ಟೆ ಹೋದ ಮೇಲೆ ಅವಳು ಸರ್ವಿಸ್ ರಸ್ತೆಯ ಬದಿಗೆ ಒಂದು ಕೊಡೆ ನೆಟ್ಟು ಕೂರುತ್ತಿದ್ದಳು. ಪಕ್ಕದಲ್ಲಿ ಇನ್ನೊಬ್ಬರಿಗೆ ಆಗುವಷ್ಟು ಜಾಗ ಖಾಲಿಯಿತ್ತು. ಅಲ್ಲಿ ಐಸಿನ ಚೀಲ ಇಟ್ಟಿದ್ದಳು.

"ಬಂಗುಡೆ ಬೇಕಾ? ಇಲ್ದಿದ್ರೆ ನೆರಳ್ ಬಿಟ್ಟ್ ನಿಲ್ಲ್."

"ನೀವ್ ಎಂತಕ್ ಹೋಪುದ್ ಬಿಟ್ರಿ?"

ಅವಳು ಮೀನಿನ ಮೇಲೆ ನೀರು ಚಿಮುಕಿಸಿದಳು. "ಅವ್ಳ್ ಮೈ ಹುಣ್ಣ್ ಮಾಡಿದ್ ನಾನೇ ಅಲ್ದಾ? ಕೈ ಹಾಕಿ ಕಂಡೆ. ಆ ಎಲ್ಬ್ ಈಗ್ಲೂ ಅಂಗೈಯಂಗ್ ಇತ್ತ್. ಸೊಸೆ ಪಾಪ, ಊರವ್ರ್ ಬಾಯಿಗ್ ಬಿತ್ತ್. ನಾನ್ ಬತ್ತಿಲ್ಲೆ ಮಾರಾಯಾ."

"ಹುಣ್ಣ್ ಮಾಡಿದ್ ನೀವಲ್ಲ. ನೀವ್ ಕೂಕಂಡ್ ಪೆಟ್ಟಿಗೆ. ಅದ್ ಗಿಡ್ಡ."

"ಪೆಟ್ಟಿಗೆಯಾ?"

"ಪೆಟ್ಟಿಗೆ ಗಿಡ್ಡ, ನನ್ ಬುದ್ಧಿ ಅದ್ಕಿಂತ ಗಿಡ್ಡ. ಈಗ ನಿಮ್ ಅಳ್ತೆ ತಕಣ್ಕ್."

"ನಂಗೆಂತ ರೋಗ?"

"ನಿಮ್ಗ್ ರೋಗ ಇಲ್ಲೆ. ನೀವ್ ಸೀಟಿನ ಒಂದ್ ಭಾಗ."

ಪುಷ್ಪ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹೆಂಗ್ಸ್ರಿಗೆ ಹೀಂಗೆಲ್ಲ ಮಾತಾಡುಕೆ ಯಾವಾಗ ಕಲ್ತೆ?" ಎಂದಳು. ಆದರೂ ಬರುವುದಿಲ್ಲವೆಂದು ಮತ್ತೆ ಹೇಳಲಿಲ್ಲ.

ಅಚ್ಚು ತೆಗೆಯುವ ದಿನ ಅವಳು ತಲೆಗೆ ಎಣ್ಣೆ ಹಾಕಿ, ಮದುವೆಗೆ ಉಡುವ ಸೀರೆಯುಟ್ಟು ಬಂದಳು. ಗುಣವತಿ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು. "ದೊಡ್ಡ ಜನ. ದಾರಿ ತಪ್ಪಿ ಬಂದದ್ದಾ?"

"ಹೌದ್. ಬಸ್ಸ್ ಸಿಕ್ಲಿಲ್ಲೆ, ಅದ್ಕೆ ಬಂದೆ."

ಸಣ್ಣ ಮಣಿಗಳನ್ನು ತುಂಬಿದ ಚೀಲದ ಮೇಲೆ ಗುಣವತಿಯನ್ನು ಕೂರಿಸಿದರು. ಪಂಪು ಹಾಕಿ ಗಾಳಿ ಎಳೆದರೆ ಚೀಲ ಆ ಕ್ಷಣದ ಮೈಯಾಕಾರಕ್ಕೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಆ ಆಕಾರದಿಂದ ಸೀಟು. ಬಲಬದಿಗೆ ಪುಷ್ಪಳನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ, ಅಡಿಗೆ ಹಲಗೆಗಳನ್ನು ಒಂದರ ಮೇಲೊಂದು ಇಟ್ಟು ಹೆಗಲು ಹೆಗಲಿಗೆ ಸಮವಾಗುವಂತೆ ಎತ್ತರಿಸಿದರು. ಇಬ್ಬರೂ ಫೋಟೋ ತೆಗೆಸಿಕೊಳ್ಳುವವರ ಹಾಗೆ ಸೆಟೆದು ಕೂತರು. ಪ್ರಜ್ಞಾ ಪಂಪಿನ ಗುಂಡಿಗೆ ಕೈ ಹಾಕಿದಳು. ಲೀಲಾಧರ ತಡೆದ.

"ಈಗ ಬೇಡ. ಚಾ ಕುಡ್ದ್ ಬಪ್ಪ."

ಗುಂಡಿಯಿದ್ದ ಪಂಪಿನ ವೈರನ್ನು ಉದ್ದಕ್ಕೆ ಎಳೆದು, ಅವನೂ ಪ್ರಜ್ಞಾಳೂ ಒಳಗೆ ಹೋಗಿ ಅಡುಗೆಮನೆಯಲ್ಲಿ ಕೂತರು. ಜಗಲಿಯಿಂದ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಜಗಳ ಶುರುವಾಯಿತು: ಇಷ್ಟು ದಿನ ಯಾಕೆ ಬರಲಿಲ್ಲ, ಬಾ ಎಂದು ನೀನು ಯಾರ ಹತ್ತಿರ ಹೇಳಿ ಕಳಿಸಿದೆ, ನಿನ್ನ ಎಲುಬು ಮುಟ್ಟಿದ ಮೇಲೆ ನಂಗೆ ನಿದ್ರೆ ಬಂದಿಲ್ಲ, ನಂಗೆ ಗೊತ್ತೇ ಆಗದ ಎಲುಬಿಗೆ ನೀನು ಯಾಕೆ ನಿದ್ರೆ ಬಿಟ್ಟದ್ದು. ಪ್ರಭಾವತಿ ಚಹಾ ಸೋಸುತ್ತಾ ಕಣ್ಣೊರೆಸಿಕೊಂಡಳು. ಜಗಳ ಮೆಲ್ಲಗೆ ಮಾತಾಯಿತು. ಮಾತು ಐಸ್ ತರುವವನ ಮೇಲೆ ಹೋಯಿತು, ಮಳೆಗಾಲದಲ್ಲಿ ಮಾರುತ್ತಿದ್ದ ಒಣಮೀನಿಗೆ ಹೋಯಿತು, ಯಾವುದೋ ಮದುವೆಯ ಮನೆಗೆ ಒಂದೇ ಬಣ್ಣದ ಸೀರೆಯುಟ್ಟು ಹೋದದ್ದಕ್ಕೆ ಹೋಯಿತು. ನಗು ಬಂತು. ನಗು ನಿಂತು, ಸ್ವರಗಳು ತಗ್ಗಿದವು.

ಲೀಲಾಧರ ಬಾಗಿಲ ಸಂದಿನಿಂದ ಇಣುಕಿದ. ಗುಣವತಿಯ ತಲೆ ಪುಷ್ಪಳ ಹೆಗಲಿಗೆ ಸೇರಿತ್ತು. ಮಾತು ಇನ್ನೂ ನಡೆದಿತ್ತು. ಅವನು ಪ್ರಜ್ಞಾಳಿಗೆ ಕಣ್ಣಿನಲ್ಲೇ ಹೇಳಿದ. ಅವಳು ಗುಂಡಿ ಒತ್ತಿದಳು.

ಆ ಅಚ್ಚಿನಿಂದ ಬಂದ ಸೀಟು ನೋಡಲು ಚೆನ್ನಾಗಿರಲಿಲ್ಲ. ಎಡ ಬಲ ಒಂದಕ್ಕೊಂದು ಹೋಲುತ್ತಿರಲಿಲ್ಲ. ತೊಡೆಗೂ ಸೊಂಟಕ್ಕೂ ಆಳವಾದ ಹಿಡಿತ, ಎಲುಬಿನಡಿಗೆ ಮೆತ್ತನೆಯ ಗುಳಿ, ಎಡಗಡೆ ಎತ್ತರದ ಒತ್ತು. ಬಲಗಡೆಯ ಕೈಯನ್ನು ಕಳಚುವ ಬದಲು ಹಿಂದಕ್ಕೆ ಮಡಚುವ ಹಾಗೆ ಮಾಡಿದ. ಅದು ಮಡಚಿದ ಜಾಗಕ್ಕೆ ಪುಷ್ಪಳ ಸ್ಟೂಲು ಕುರ್ಚಿಯ ಚೌಕಟ್ಟಿಗೇ ಕೊಕ್ಕೆ ಹಾಕಿ ನಿಲ್ಲುತ್ತಿತ್ತು. ಅದಕ್ಕೂ ಒಂದು ಸೀಟು, ಬೆನ್ನಿಗೊಂದು ಆಸರೆ. ಆ ವಯಸ್ಸಿನವಳು ಇನ್ನೊಬ್ಬಳ ಭಾರ ಹೊರಬೇಕಲ್ಲ.

ಪ್ರಜ್ಞಾ ಮ್ಯಾಟು ಹಾಸಿ ನೋಡಿದಳು. ಇಬ್ಬರೂ ಒರಗಿದಾಗ ಕೆಂಪು ಬರಲಿಲ್ಲ, ಕಿತ್ತಳೆ ಬಂತು. "ಇದು ಪೂರ್ತಿ ಸರಿ ಅಲ್ಲ" ಎಂದಳು ನಿಷ್ಠುರವಾಗಿ. "ಸ್ವಲ್ಪ ಸ್ವಲ್ಪ ಹೊತ್ತಿಗೆ ಕುರ್ಚಿಯನ್ನ ಹಿಂದಕ್ಕೆ ಓರೆ ಮಾಡಿ ಭಾರ ತೆಗಿಬೇಕು. ಪುಷ್ಪಕ್ಕ, ಅದು ನಿಮ್ಮ ಜವಾಬ್ದಾರಿ. ತಪ್ಪಿದ್ರೆ ಸ್ಟೂಲು ನಾನು ತಗೊಂಡು ಹೋಗ್ತೆ."

"ತಪ್ಪುದಿಲ್ಲೆ" ಎಂದಳು ಪುಷ್ಪ. "ಇವ್ಳ್ ಒಂದೇ ಸಮ ಮಾತಾಡುದ್ ನಿಲ್ಸುಕೆ ನಂಗೂ ಒಂದ್ ಕಾರಣ ಬೇಕಿತ್ತ್."

ಮಳೆಗಾಲ ಕಳೆದು ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ ಡಾಕ್ಟರು ಚರ್ಮ ನೋಡಿ, ಗಟ್ಟಿಯಾಗಿದೆ, ಆಪರೇಷನ್ನಿನ ಮಾತು ಇನ್ನು ಬೇಡ ಎಂದರು. ಪ್ರಭಾವತಿ ಮತ್ತೆ ಕೆಲಸಕ್ಕೆ ಹೋಗತೊಡಗಿದಳು. ಲೀಲಾಧರ ಒಂದು ಮಧ್ಯಾಹ್ನ, ಕೊಕ್ಕೆ ಸಡಿಲಾಗಿದೆಯೇ ನೋಡುವ ನೆಪದಲ್ಲಿ, ಹೇಳದೆಯೇ ಹೋದ. ಈ ಸಲ ಯಾರೂ ಗಡಿಬಿಡಿ ಮಾಡಲಿಲ್ಲ, ಯಾರೂ ನೆಟ್ಟಗಾಗಲೂ ಇಲ್ಲ. ಅವನು ಜಗಲಿಯ ಮೆಟ್ಟಿಲ ಮೇಲೆ ಕೂತ.

"ಚಾ ಕುಡಿತ್ಯಾ ತಮ್ಮಾ?" ಎಂದು ಪುಷ್ಪ ಏಳಲು ಹೊರಟಳು.

"ಮೆಲ್ಲ ಏಳ್ ಹೆಣೆ" ಎಂದಳು ಗುಣವತಿ. "ನಾನ್ ಬೀಳ್ತೆ."

ಪುಷ್ಪ ಎದ್ದವಳು ಮತ್ತೆ ಕೂತಳು. "ಕಂಡ್ಯಾ? ಚಾ ಬೇಕಾರ್ ನೀನೇ ಒಳಗ್ ಹೋಯ್ ಮಾಡ್ಕಣ್ಕ್. ನಮ್ಗೂ ಒಂದೊಂದ್ ತಕಂಡ್ ಬಾ. ಸಕ್ರಿ ಹೆಚ್ಚ್ ಹಾಕ್."

ಲೀಲಾಧರ ಚಪ್ಪಲಿ ಕಳಚಿ ಒಳಗೆ ಹೋದ. ಚಹಾಪುಡಿಯ ಡಬ್ಬಿ ಎಲ್ಲಿದೆಯೆಂದು ಹುಡುಕುತ್ತಿರುವಾಗ ಜಗಲಿಯಲ್ಲಿ ಅವರು ಅವನ ಹಳೆಯ ಮಿಷನ್ನಿನ ಸದ್ದಿನ ಬಗ್ಗೆ ಏನೋ ಹೇಳಿಕೊಂಡು ನಗುತ್ತಿದ್ದರು.